ಗೊತ್ತಿದ್ದರೂ ಹೆದರಿಕೆ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಕನ್ನಡ ಮಾಧ್ಯಮ ಅನುದಾನಿತ ಶಾಲೆಯಲ್ಲಿ ಟೀಚರ್. ವಯಸ್ಸು 36. ಮಕ್ಕಳ ಮುಂದೆ ಪಾಠ ಮಾಡಲು ಏನೂ ತೊಂದರೆ ಇಲ್ಲ. ಆದರೆ ಮೀಟಿಂಗಿನಲ್ಲಿ, ಕ್ಲಸ್ಟರ್ ಟ್ರೈನಿಂಗಿನಲ್ಲಿ ಎದ್ದು ನಿಂತು ಮಲಯಾಳದಲ್ಲಿ ಮಾತಾಡಬೇಕು ಎಂದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಎರಡು ವರ್ಷದಿಂದ ಜಾಸ್ತಿಯಾಗಿದೆ. ರಾತ್ರಿ ಮಲಗಿದರೆ ಮಂಡೆಬಿಸಿ ಶುರು. ಮಕ್ಕಳು ಕಮ್ಮಿಯಾಗಿ ಡಿವಿಜನ್ ಫಾಲ್ ಆದರೆ ಕೆಲಸದ ಗತಿ ಏನು, ಅಮ್ಮನಿಗೆ ಏನಾದರೂ ಆದರೆ ಹೇಗೆ ಎಂದು ಸುತ್ತುತ್ತಲೇ ಇರುತ್ತದೆ. ಮಂಗಳೂರಿನಲ್ಲಿ ಇಸಿಜಿ, ಥೈರಾಯ್ಡ್ ಎಲ್ಲ ನೋಡಿದರು. ನಾರ್ಮಲ್. ಮನೋವೈದ್ಯರು ಆತಂಕದ ಕಾಯಿಲೆ ಎಂದು ಎಸ್ಸಿಟಾಲೊಪ್ರಾಮ್ ಕೊಟ್ಟಿದ್ದಾರೆ. ಹತ್ತು ದಿನ ಆಯಿತು. ಏನೂ ಫರಕ್ ಇಲ್ಲ, ಸ್ವಲ್ಪ ಜಾಸ್ತಿಯೇ ಆದ ಹಾಗಿದೆ. ಆತಂಕ ಇರುವವರ ಮೆದುಳಿನಲ್ಲಿ ಕನೆಕ್ಷನ್ ವೀಕ್ ಇರುತ್ತದೆ ಎಂದು ತಮ್ಮ ಎಲ್ಲೋ ಓದಿ ಹೇಳಿದ. ನನ್ನ ಮೆದುಳಿನ ವಯರ್ ಸಡಿಲ ಆಗಿದೆಯಾ? ಎಂಆರ್‌ಐ ಮಾಡಿಸಬೇಕಾ? ಹೆದರುವಂಥದ್ದು ಏನೂ ಇಲ್ಲ ಎಂದು ನನಗೇ ಗೊತ್ತು, ಆದರೂ ಹೆದರಿಕೆ ಯಾಕೆ ಹೋಗುವುದಿಲ್ಲ? ಮಗಳು ಎಂಟನೇ ಕ್ಲಾಸು. ಪರೀಕ್ಷೆ ಅಂದರೆ ಹೊಟ್ಟೆನೋವು ಅನ್ನುತ್ತಾಳೆ. ಅವಳಿಗೂ ಬರುತ್ತದಾ?

ಉತ್ತರ: ನಿಮ್ಮ ಮೂರನೇ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಗೊತ್ತಿದ್ದರೂ ಹೆದರಿಕೆ ಯಾಕೆ ಹೋಗುವುದಿಲ್ಲ? ಇದು ತಿಳಿದರೆ ಉಳಿದ ಪ್ರಶ್ನೆಗಳು ಅರ್ಧ ಬಗೆಹರಿದ ಹಾಗೆಯೇ.

ಕಿವಿಗಳ ನೇರಕ್ಕೆ, ತಲೆಯ ಒಳಗೆ, ಎರಡೂ ಬದಿಗೆ ಒಂದೊಂದರಂತೆ ಅಮಿಗ್ಡಲಾ ಎಂಬ ಸಣ್ಣ ಭಾಗ ಇದೆ. ಎದುರಿಗೆ ಇರುವುದು ಅಪಾಯವೋ ಅಲ್ಲವೋ ಎಂದು ಬೇಗ ಅಳೆಯುವುದು, ಎದೆಬಡಿತ, ಉಸಿರು, ಬೆವರು ಇವನ್ನೆಲ್ಲ ಏರಿಸುವುದು, ಇದರಲ್ಲಿ ಅದರ ಪಾತ್ರ ದೊಡ್ಡದು. ಹಣೆಯ ಹಿಂದೆ ಇರುವುದು ಪ್ರಿಫ್ರಂಟಲ್ ಕಾರ್ಟೆಕ್ಸ್. ಹಣೆಯ ಭಾಗ ಬುದ್ಧಿ, ಒಳಗಿನ ಭಾಗ ಭಾವನೆ, ಬುದ್ಧಿ ಗಟ್ಟಿಯಾದರೆ ಭಾವನೆ ತಣ್ಣಗಾಗುತ್ತದೆ ಎಂದು ಸುಮಾರು ಜನ ವಿವರಿಸುತ್ತಾರೆ. ಅದು ಅರ್ಧ ಸರಿ, ಅಷ್ಟೇ. ಹಣೆಯ ಹಿಂದಿನ ಭಾಗದಲ್ಲೂ ಬೇರೆ ಬೇರೆ ಪ್ರದೇಶಗಳಿವೆ. ಮೇಲಿನ, ಹೊರಬದಿಯ ಪ್ರದೇಶ ಲೆಕ್ಕ, ಯೋಜನೆ, ತರ್ಕ ಇವುಗಳಿಗೆ ಬೇಕು. 'ಇಲ್ಲಿ ಹೆದರುವಂಥದ್ದು ಏನಿದೆ?' ಎಂದು ನೀವು ನಿಮಗೇ ಹೇಳಿಕೊಳ್ಳುವಾಗ ಕೆಲಸ ಮಾಡುವುದು ಹೆಚ್ಚಾಗಿ ಇದೇ. ಆದರೆ ಈ ಪ್ರದೇಶಕ್ಕೂ ಅಮಿಗ್ಡಲಾಕ್ಕೂ ನೇರ ನರಸಂಪರ್ಕ ಬಹಳ ಕಡಿಮೆ. ದಟ್ಟವಾದ ನೇರ ಸಂಪರ್ಕ ಇರುವುದು ಹಣೆಯ ನಡುವೆ, ಕೆಳಗೆ, ಕಣ್ಣುಗುಡ್ಡೆಗಳ ಮೇಲ್ಭಾಗಕ್ಕೆ ಬರುವ ಒಳಪ್ರದೇಶಕ್ಕೆ. ವೈದ್ಯರು ಅದನ್ನು ವೆಂಟ್ರೋಮೀಡಿಯಲ್ ಪ್ರಿಫ್ರಂಟಲ್ ಎನ್ನುತ್ತಾರೆ. ಉದ್ದ ಹೆಸರು, ಇಲ್ಲಿ 'ಒಳಪ್ರದೇಶ' ಎಂದೇ ಕರೆಯೋಣ.

ಈ ಒಳಪ್ರದೇಶ ಉಪದೇಶದಿಂದ ಹೆಚ್ಚು ಕಲಿಯುವುದಿಲ್ಲ. ಅದು ಕಲಿಯುವುದು ಅನುಭವದಿಂದ. ಹೆದರಿದ ಜಾಗದಲ್ಲಿ ಇದ್ದು, ಹೆದರಿದಂತೆ ಏನೂ ಆಗದಿದ್ದಾಗ ಅದು ಕಲಿಯುತ್ತದೆ. 2002ರಲ್ಲಿ ಪೋರ್ಟೊರಿಕೊದಲ್ಲಿ ಮೊಹಮ್ಮದ್ ಮಿಲಾದ್ ಮತ್ತು ಗ್ರೆಗರಿ ಕ್ವರ್ಕ್ ಇಲಿಗಳಲ್ಲಿ ಇದನ್ನು ತೋರಿಸಿದರು. ಒಂದು ಸದ್ದು ಕೇಳಿದೊಡನೆ ಶಾಕ್ ಬರುತ್ತದೆ ಎಂದು ಇಲಿಗಳು ಕಲಿತಿದ್ದವು. ಆಮೇಲೆ ಶಾಕ್ ಇಲ್ಲದೆ ಸದ್ದನ್ನು ಮಾತ್ರ ಮತ್ತೆ ಮತ್ತೆ ಕೇಳಿಸಿದರು. ಹೆದರಿಕೆ ಇಳಿಯಿತು. ಮಾರನೇ ದಿನ ಅದೇ ಸದ್ದು ಕೇಳಿದಾಗ ಈ ಒಳಪ್ರದೇಶಕ್ಕೆ ಸಮಾನವಾದ ಭಾಗದ ನರಕೋಶಗಳು ಚುರುಕಾದವು. ಅವು ಎಷ್ಟು ಚುರುಕೋ ಇಲಿ ಅಷ್ಟು ಕಡಿಮೆ ಹೆದರುತ್ತಿತ್ತು. 2004ರಲ್ಲಿ ಎಲಿಜಬೆತ್ ಫೆಲ್ಪ್ಸ್ ಅವರ ತಂಡ ಮನುಷ್ಯರಲ್ಲೂ ಇದೇ ಜೋಡಿ, ಅಂದರೆ ಅಮಿಗ್ಡಲಾ ಮತ್ತು ಒಳಪ್ರದೇಶ, ಇದೇ ಕೆಲಸ ಮಾಡುವುದನ್ನು ಸ್ಕ್ಯಾನಿನಲ್ಲಿ ನೋಡಿತು.

ಹಾಗಾಗಿ ನಿಮಗೆ 'ಗೊತ್ತಿರುವುದು' ಒಂದು ಕಡೆ, ಹೆದರಿಕೆ ಇಳಿಸುವ ಕಲಿಕೆ ಇನ್ನೊಂದು ಕಡೆ. ಎರಡು ವರ್ಷದಿಂದ ಮೀಟಿಂಗಿನಲ್ಲಿ ಹಿಂದಿನ ಬೆಂಚು ಹಿಡಿದಿದ್ದೀರಿ, ಬೇರೆ ಟೀಚರಿಗೆ ಮಾತಾಡಲು ಬಿಟ್ಟಿದ್ದೀರಿ ಎಂದು ಊಹಿಸುತ್ತೇನೆ. ಪ್ರತಿಸಲ ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಏನೂ ಆಗುವುದಿಲ್ಲ ಎಂಬುದನ್ನು ಒಳಪ್ರದೇಶ ಕಲಿಯುವ ಅವಕಾಶ ಆವತ್ತಿಗೆ ಹೋಯಿತು. ಬರೀ ಧೈರ್ಯ ತಗೊಳ್ಳಿ ಎಂದು ಹೇಳುವವರ ಮಾತು ನಿಮಗೆ ನಾಟದಿರುವುದು ಇದಕ್ಕೇ. ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲವೇ ಅಲ್ಲ.

ಈಗ ನಿಮ್ಮ ತಮ್ಮ ಓದಿದ ವಿಷಯಕ್ಕೆ ಬರೋಣ. ಅವರು ಓದಿದ್ದು ಸುಳ್ಳಲ್ಲ, ಆದರೆ ಕನೆಕ್ಷನ್ ಎಂದು ಎರಡು ಬೇರೆ ಸಂಗತಿಗಳಿಗೆ ಹೇಳುತ್ತಾರೆ. ಒಂದು, ನಿಜವಾದ ನರತಂತುಗಳ ಕಟ್ಟು. ಅಮಿಗ್ಡಲಾ ಇರುವ ಕಡೆಯಿಂದ ಹಣೆಯ ಒಳಪ್ರದೇಶಕ್ಕೆ ಕೊಕ್ಕೆಯ ಹಾಗೆ ಬಾಗಿ ಹೋಗುವ ಅನ್ಸಿನೇಟ್ ಫ್ಯಾಸಿಕುಲಸ್ ಎಂಬ ಕಟ್ಟು ಇದೆ. 2009ರಲ್ಲಿ ಜಸ್ಟಿನ್ ಕಿಮ್ ಮತ್ತು ಪಾಲ್ ವೇಲೆನ್ ಕಾಯಿಲೆ ಇಲ್ಲದ ಜನರಲ್ಲೇ ಅಳೆದು ನೋಡಿದರು. ಸ್ವಭಾವದಲ್ಲಿ ಆತಂಕ ಕಡಿಮೆ ಇದ್ದವರಲ್ಲಿ ಈ ದಾರಿ ಹೆಚ್ಚು ಗಟ್ಟಿ ಇತ್ತು. ಎರಡನೆಯದು, ಸಂಶೋಧಕರು ಜಾಸ್ತಿ ಅಳೆಯುವಂಥದ್ದು, ಎರಡು ಭಾಗಗಳ ಚಟುವಟಿಕೆ ಒಟ್ಟೊಟ್ಟಿಗೆ ಏರಿಳಿಯುತ್ತದೆಯೇ ಎಂಬುದು. ಯಕ್ಷಗಾನದಲ್ಲಿ ಚೆಂಡೆ ಮದ್ದಳೆಗಳ ನಡುವೆ ಹಗ್ಗ ಕಟ್ಟಿರುವುದಿಲ್ಲ, ಆದರೂ ಒಂದು ಏರಿದಾಗ ಇನ್ನೊಂದು ಏರುತ್ತದೆ, ಒಂದು ತಗ್ಗಿದಾಗ ಇನ್ನೊಂದು ತಗ್ಗುತ್ತದೆ. ಹಾಗೆ ಇದು. ಸುಮ್ನೆ ಸ್ಕ್ಯಾನರಿನಲ್ಲಿ ಮಲಗಿದವರ ಮೆದುಳಿನಲ್ಲೂ ಈ ತಾಳಮೇಳ ಕಾಣುತ್ತದೆ ಎಂದು 1995ರಲ್ಲಿ ಭರತ್ ಬಿಸ್ವಾಲ್ ಎಂಬ ಭಾರತೀಯ ಮೂಲದ ವಿಜ್ಞಾನಿ ತೋರಿಸಿದ ಮೇಲೆ ಈ ಇಡೀ ಅಧ್ಯಯನ ಕ್ಷೇತ್ರ ಬೆಳೆಯಿತು.

ಕಿಮ್ ಮತ್ತು ವೇಲೆನ್ 2011ರಲ್ಲಿ ಈ ಎರಡನೇ ಅಳತೆಯನ್ನೂ ಮಾಡಿದರು. ಆತಂಕ ಕಡಿಮೆ ಇದ್ದವರಲ್ಲಿ, ವಿಶ್ರಾಂತಿಯಲ್ಲಿ, ಅಮಿಗ್ಡಲಾ ಮತ್ತು ಒಳಪ್ರದೇಶ ಒಟ್ಟಿಗೆ ಏರಿಳಿಯುತ್ತಿದ್ದವು. ಜಾಸ್ತಿ ಇದ್ದವರಲ್ಲಿ ಅವು ಒಂದಕ್ಕೊಂದು ಎದುರಾಗಿ ಹೋಗುತ್ತಿದ್ದವು. 2010ರಲ್ಲಿ ಅಮಿತ್ ಎಟ್ಕಿನ್ ಅವರ ತಂಡ ನಿಮ್ಮಂಥ ದೀರ್ಘಕಾಲದ ಆತಂಕ ಇರುವವರನ್ನೇ ಪರೀಕ್ಷಿಸಿತು. ಹೆದರಿದ ಅಥವಾ ಸಂತೋಷದ ಮುಖದ ಚಿತ್ರ, ಅದರ ಮೇಲೆ ಒಂದು ಪದ. ಕೆಲವೊಮ್ಮೆ ಪದ ಮತ್ತು ಮುಖ ಹೊಂದುವುದಿಲ್ಲ, ತಲೆ ಒಂದು ಕ್ಷಣ ಗೊಂದಲಕ್ಕೆ ಬೀಳುತ್ತದೆ. ಇಂಥದ್ದು ಒಂದಾದ ಮೇಲೆ ಇನ್ನೊಂದು ಬಂದರೆ ಆರೋಗ್ಯವಂತರ ಮೆದುಳು ತಾನಾಗಿ ಹೊಂದಿಕೊಳ್ಳುತ್ತದೆ. ಹಣೆಯ ಹಿಂದಿನ ನಡುಭಾಗ ಚುರುಕಾಗುತ್ತದೆ, ಅಮಿಗ್ಡಲಾ ತಗ್ಗುತ್ತದೆ. ಆತಂಕದ ಕಾಯಿಲೆ ಇದ್ದವರಲ್ಲಿ ಈ ಹೊಂದಾಣಿಕೆ ಆಗಲಿಲ್ಲ. ಈ ಹೊಂದಾಣಿಕೆಗೆ ಯಾರೂ ಪ್ರಯತ್ನ ಪಡುವುದಿಲ್ಲ, ಅದು ಗಮನಕ್ಕೇ ಬರುವುದಿಲ್ಲ. ಕಮ್ಮಿಯಾಗಿರುವುದು ಈ ತಾನಾಗಿ ನಡೆಯುವ ಕೆಲಸ. ಅದೇ ತಂಡ 2009ರಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಇಂಥವರಲ್ಲಿ ಅಮಿಗ್ಡಲಾ ಜೊತೆ ಯೋಚನೆಯ ಜಾಲದ ತಾಳಮೇಳ ಕಮ್ಮಿ ಇರಲಿಲ್ಲ, ಜಾಸ್ತಿ ಇತ್ತು. ತಾನಾಗಿ ಆಗಬೇಕಾದ ಕೆಲಸವನ್ನು ಯೋಚನೆ ಮಾಡಿ ಮಾಡಿ ತುಂಬಿಸಲು ಮೆದುಳು ಹೆಣಗುತ್ತಿದೆ ಎಂದು ಅವರು ಅರ್ಥ ಮಾಡಿದರು. ರಾತ್ರಿಯ ನಿಮ್ಮ ಮಂಡೆಬಿಸಿಯಲ್ಲೂ ಇದೇ ನಡೆಯುತ್ತಿರಬಹುದು ಎಂದು ನನಗೆ ಅನಿಸುತ್ತದೆ. ನೀವು ಯೋಚನೆ ಮಾಡದೆ ಕೂತಿಲ್ಲ, ಅತಿಯಾಗಿ ದುಡಿಯುತ್ತಿದ್ದೀರಿ.

ಹಾಗಾದರೆ ವಯರ್ ಸಡಿಲವೇ? ಇಲ್ಲ. ಕಡಿದು ಹೋದದ್ದು, ಸುಟ್ಟು ಹೋದದ್ದು ಏನೂ ಇಲ್ಲ. ತಾಳಮೇಳದಲ್ಲಿ ವ್ಯತ್ಯಾಸ ಇರಬಹುದು, ಅದು ಬದಲಾಗುತ್ತದೆ. ಸೋಶಿಯಲ್ ಫೋಬಿಯಾ, ಅಂದರೆ ಜನರ ಮುಂದೆ ಅತಿಯಾಗಿ ಹೆದರುವ ಕಾಯಿಲೆ, ಇರುವವರಲ್ಲಿ, ಮಾತ್ರೆಯಿಂದ ಆಗಲಿ ಮಾತಿನ ಚಿಕಿತ್ಸೆಯಿಂದ ಆಗಲಿ ಸುಧಾರಿಸಿದಾಗ, ಜನರ ಮುಂದೆ ಮಾತಾಡುವ ಹೊತ್ತಿನ ಅಮಿಗ್ಡಲಾ ಚಟುವಟಿಕೆ ಇಳಿದದ್ದನ್ನು ಸ್ವೀಡನ್ನಿನ ತೋಮಸ್ ಫುರ್ಮಾರ್ಕ್ 2002ರಲ್ಲೇ ವರದಿ ಮಾಡಿದ್ದಾರೆ. ದಾರಿ ಎರಡು, ಇಳಿದ ಜಾಗ ಒಂದೇ.

ಎಂಆರ್‌ಐ ಬೇಡ. ಮೇಲೆ ಹೇಳಿದ ಎಲ್ಲ ಫಲಿತಾಂಶ ಗುಂಪುಗಳ ಸರಾಸರಿ. ಆತಂಕ ಇರುವ ಒಬ್ಬರ, ಇಲ್ಲದ ಒಬ್ಬರ ಸ್ಕ್ಯಾನ್ ಪಕ್ಕಪಕ್ಕ ಇಟ್ಟರೆ ಯಾವುದು ಯಾರದ್ದೆಂದು ಯಾವ ರೇಡಿಯಾಲಜಿಸ್ಟೂ ಹೇಳಲಾರರು. ಮೆದುಳಿನ ಚಿತ್ರಕ್ಕೂ ಸ್ವಭಾವಕ್ಕೂ ನಂಬಬಹುದಾದ ಸಂಬಂಧ ಹುಡುಕಲು ಸಾವಿರಾರು ಜನರ ಸ್ಕ್ಯಾನ್ ಬೇಕು ಎಂದು 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆ ಹೇಳಿತು. ಆಸ್ಪತ್ರೆಯ ಮಾಮೂಲಿ ಎಂಆರ್‌ಐ ತಾಳಮೇಳವನ್ನು ಅಳೆಯುವುದೂ ಇಲ್ಲ. ಅದು ಗಡ್ಡೆ, ರಕ್ತಸ್ರಾವ, ಉರಿಯೂತ ಇವನ್ನು ನೋಡುವುದಕ್ಕೆ. ಸಾಲದ್ದಕ್ಕೆ, ಯಾವ ಅರ್ಥವೂ ಇಲ್ಲದ ಒಂದು ಚುಕ್ಕೆ ರಿಪೋರ್ಟಿನಲ್ಲಿ ಬಂದರೆ ಅದೇ ಹೊಸ ಮಂಡೆಬಿಸಿ. ಫಿಟ್ಸ್, ಒಂದು ಬದಿಯ ಬಲಹೀನತೆ, ಹಠಾತ್ತಾಗಿ ಬಂದ ತೀವ್ರ ತಲೆನೋವು ಇಂಥದ್ದು ಇದ್ದರೆ ಮಾತು ಬೇರೆ. ನಿಮಗೆ ಅವು ಇಲ್ಲ.

ಅಮಿಗ್ಡಲಾವನ್ನು ಶತ್ರು ಎಂದು ತಿಳಿಯಬೇಡಿ ಎಂದೂ ಹೇಳಬೇಕು. ಅಪರೂಪದ ಒಂದು ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲಾ ನಾಶವಾದ, ಎಸ್.ಎಂ. ಎಂಬ ಅಕ್ಷರಗಳಿಂದ ವೈದ್ಯಲೋಕಕ್ಕೆ ಪರಿಚಿತರಾದ ಮಹಿಳೆಯೊಬ್ಬರು ಇದ್ದಾರೆ. ಅವರಿಗೆ ಹಾವು, ಜೇಡ ಯಾವುದರ ಹೆದರಿಕೆಯೂ ಇಲ್ಲ. ಹೆದರದ ಕಾರಣಕ್ಕೇ ಹಲವು ಸಲ ನಿಜವಾದ ಅಪಾಯಕ್ಕೆ ಸಿಕ್ಕಿದ್ದಾರೆ. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಉಸಿರಾಡಿಸಿದಾಗ ಅವರಿಗೂ ಜೋರು ಗಾಬರಿ ಬಂತು. ಅಂದರೆ ಹೆದರಿಕೆ ಒಂದೇ ಜಾಗದಲ್ಲಿ ಕೂತಿಲ್ಲ. ಮೈಯಿಂದ, ಉಸಿರಿನಿಂದ ಏಳುವ ಗಾಬರಿಗೆ ಬೇರೆ ದಾರಿಯೂ ಇದೆ.

ಇನ್ನು ಮಾಡಬೇಕಾದದ್ದು.

ಮೊದಲನೆಯದಾಗಿ, ಅದುಮಿಡುವುದನ್ನು ಬಿಡಿ. ಮುಖದಲ್ಲಿ ತೋರಿಸದೆ ಒಳಗೇ ನುಂಗಿಕೊಂಡರೆ ಹೊರಗೆ ಶಾಂತವಾಗಿ ಕಾಣಬಹುದು, ಮೈ ಶಾಂತವಾಗುವುದಿಲ್ಲ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ 1990ರ ದಶಕದಲ್ಲಿ ಇದನ್ನು ಅಳೆದಿದ್ದಾರೆ. ಭಾವನೆ ಅದುಮಿದವರ ದೇಹದೊಳಗಿನ ಉದ್ವೇಗ ಇನ್ನೂ ಏರಿತು. ಅದರ ಬದಲು ಆಗುತ್ತಿರುವುದನ್ನು ಹೆಸರಿಟ್ಟು ಹೇಳಿಕೊಳ್ಳಿ. 'ಎದೆ ಹೊಡೆಯುತ್ತಿದೆ, ನನಗೆ ನಾಚಿಕೆ ಆಗಬಹುದು ಎಂದು ಹೆದರುತ್ತಿದ್ದೇನೆ.' ಅಷ್ಟು ಸಾಕು. ಮುಖದಲ್ಲಿ ಕಾಣುವ ಭಾವನೆಯನ್ನು ಪದದಲ್ಲಿ ಗುರುತಿಸಿದಾಗ ಅಮಿಗ್ಡಲಾ ಚಟುವಟಿಕೆ ಕಮ್ಮಿಯಾಗುತ್ತದೆ ಎಂದು ಮ್ಯಾಥ್ಯೂ ಲೀಬರ್‌ಮನ್ 2007ರಲ್ಲಿ ತೋರಿಸಿದರು. 2012ರಲ್ಲಿ ಅವರದೇ ವಿಶ್ವವಿದ್ಯಾಲಯದಲ್ಲಿ, ದೊಡ್ಡ ಜೇಡದ ಹತ್ತಿರ ಹೋಗುವಾಗ 'ನನಗೆ ಹೆದರಿಕೆ ಆಗುತ್ತಿದೆ' ಎಂದು ಬಾಯಿಬಿಟ್ಟು ಹೇಳಿದವರ ಮೈ ಒಂದು ವಾರದ ಮೇಲೂ ಕಡಿಮೆ ಬೆವರುತ್ತಿತ್ತು. ಹೆದರಿಕೆ ಇಲ್ಲ ಎಂದುಕೊಂಡವರಿಗಿಂತ ಇವರಿಗೆ ಅನುಕೂಲ ಜಾಸ್ತಿ ಆಯಿತು.

ಇದನ್ನು ನಿಮ್ಮ ಮನೆಮಾತಿನಲ್ಲೇ ಮಾಡಿ, ಕನ್ನಡವೋ ತುಳುವೋ ಯಾವುದಾದರೂ ಸರಿ. ಚಿಕ್ಕಂದಿನಲ್ಲಿ ಬೈಸಿಕೊಂಡ ಮಾತು ಮೊದಲ ಭಾಷೆಯಲ್ಲಿ ಕೇಳಿದಾಗ ಚರ್ಮದ ಬೆವರಿನ ಪ್ರತಿಕ್ರಿಯೆ ಜಾಸ್ತಿ, ಎರಡನೇ ಭಾಷೆಯಲ್ಲಿ ಕಮ್ಮಿ ಎಂದು ಟರ್ಕಿಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲಿನ 2003ರ ಅಧ್ಯಯನ ಹೇಳುತ್ತದೆ. ಮನಸ್ಸಿನ ಆಳದ ವಿಷಯ ಮೊದಲ ಭಾಷೆಗೆ ಹತ್ತಿರ. ಕಾಸರಗೋಡಿನಲ್ಲಿ ಎಷ್ಟೋ ಜನ ಡಾಕ್ಟರ ಹತ್ತಿರ ಅರ್ಧಂಬರ್ಧ ಮಲಯಾಳದಲ್ಲಿ 'ತಲೆನೋವು, ಸುಸ್ತು' ಎಂದಷ್ಟೇ ಹೇಳಿ ಬಂದುಬಿಡುತ್ತಾರೆ. ಒಳಗಿನದು ಒಳಗೇ ಉಳಿಯುತ್ತದೆ. ನೀವು ಮಂಗಳೂರಿಗೆ ಹೋಗಿ ಕನ್ನಡದಲ್ಲಿ ಹೇಳಿಕೊಂಡಿರಿ, ಒಳ್ಳೆಯದಾಯಿತು. ಪದೇಪದೇ ಅಷ್ಟು ದೂರ ಹೋಗಲು ಆಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅಕ್ಟೋಬರ್ 2022ರಲ್ಲಿ ಶುರುವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಕೇರಳದ ಎಲ್ಲ 14 ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅವರ ಕ್ಲಿನಿಕ್ ಯಾವ ದಿನ ಎಂದು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ. ಬದುಕುವುದೇ ಬೇಡ ಎಂಬ ಯೋಚನೆ ಯಾವಾಗಲಾದರೂ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆಗಲೇ ಫೋನ್ ಮಾಡಿ, ಮನೆಯವರಿಗೂ ಹೇಳಿ.

ಎರಡನೆಯದು ಚಿಕಿತ್ಸೆಯ ಜೀವಾಳ. ಹೆದರಿದ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ಜೊತೆ ಐದು ನಿಮಿಷ ಮಲಯಾಳದಲ್ಲೇ ಮಾತಾಡಿ. ಆಮೇಲೆ ಕುಂಬಳೆ ಉಪಜಿಲ್ಲಾ ಶಿಕ್ಷಣ ಕಚೇರಿಗೆ ನೀವೇ ಫೋನ್ ಮಾಡಿ ಒಂದು ವಿಷಯ ವಿಚಾರಿಸಿ. ನಂತರ ಕ್ಲಸ್ಟರ್ ಟ್ರೈನಿಂಗಿನಲ್ಲಿ ಎರಡನೇ ಸಾಲಿನಲ್ಲಿ ಕೂತು ಒಂದೇ ಒಂದು ಪ್ರಶ್ನೆ ಕೇಳಿ. ಕೊನೆಗೆ ಎದ್ದು ನಿಂತು ನಿಮ್ಮ ಶಾಲೆಯ ವರದಿ ಹೇಳಿ. ಪ್ರತಿಸಲ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಏನಾಗುತ್ತದೆ ಎಂದು ಹೆದರುತ್ತಿದ್ದೇನೆ? 'ಉಚ್ಚಾರ ಕೇಳಿ ಎಲ್ಲರೂ ನಗುತ್ತಾರೆ', 'ನಡುವೆ ಮಾತೇ ನಿಂತುಹೋಗುತ್ತದೆ', ಹೀಗೆ. ಬಂದ ಮೇಲೆ ನಿಜವಾಗಿ ಏನಾಯಿತು ಎಂದು ಅದರ ಕೆಳಗೆ ಬರೆಯಿರಿ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ವ್ಯತ್ಯಾಸ ದೊಡ್ಡದಾದಷ್ಟು ಕಲಿಕೆ ಗಟ್ಟಿ. ಎದೆಬಡಿತ ಪೂರ್ತಿ ನಿಲ್ಲಬೇಕು ಎಂದು ಕಾಯಬೇಡಿ. ಎದೆ ಹೊಡೆದುಕೊಳ್ಳುತ್ತಿರುವಾಗಲೇ ಮಾತು ಮುಗಿಸಿದ್ದೀರಿ ಎಂದರೆ ಅದೇ ದೊಡ್ಡ ಕಲಿಕೆ. ಬರೆದ ಕಾಗದ ನೋಡಿ ಗಡಗಡ ಓದಿ ಕೂತುಬಿಡುವುದು, ನೀರಿನ ಬಾಟಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದು, ಇಂಥ ಸಣ್ಣ ಊರುಗೋಲುಗಳನ್ನೂ ಒಂದೊಂದಾಗಿ ಬಿಡಿ. ಇಲ್ಲದಿದ್ದರೆ ಬಚಾವಾದದ್ದು ಅವುಗಳಿಂದಲೇ ಎಂದು ಮೆದುಳು ಲೆಕ್ಕ ಹಾಕುತ್ತದೆ.

ಹಳೆಯ ಹೆದರಿಕೆ ಅಳಿಸಿ ಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಕಲಿಕೆ ಕೂರುತ್ತದೆ. ಈ ಹೊಸ ಕಲಿಕೆ ಕಲಿತ ಜಾಗಕ್ಕೆ ಅಂಟಿಕೊಳ್ಳುವುದು ಜಾಸ್ತಿ. ಒಂದೇ ಹಾಲಿನಲ್ಲಿ ಅಭ್ಯಾಸ ಮಾಡಿದರೆ ಬೇರೆ ಹಾಲಿನಲ್ಲಿ ಹೆದರಿಕೆ ಮತ್ತೆ ತಲೆ ಎತ್ತಬಹುದು. ಹಾಗಾಗಿ ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ), ಬ್ಯಾಂಕು, ಪಂಚಾಯತ್ ಕಚೇರಿ, ಬೇರೆ ಶಾಲೆ ಎಲ್ಲ ಕಡೆ ಅಭ್ಯಾಸ ಆಗಲಿ. ಏಪ್ರಿಲ್, ಮೇ ರಜೆ ಮುಗಿದು ಜೂನಿನಲ್ಲಿ ಶಾಲೆ ಸುರುವಾದಾಗ, ಓಣಂ ರಜೆ ಕಳೆದು ಮೊದಲ ಮೀಟಿಂಗಿಗೆ ಹೋದಾಗ ಹೆದರಿಕೆ ಸ್ವಲ್ಪ ಮರಳುತ್ತದೆ. ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದುಕೊಳ್ಳಬೇಡಿ. ಬಿಡುವು ಬಿದ್ದಾಗ ಹೀಗಾಗುವುದು ಮಾಮೂಲು. ಎರಡನೇ ಸಲ ಕಲಿಯುವುದು ಬೇಗ ಆಗುತ್ತದೆ.

ನಿಮ್ಮ ಕಷ್ಟದ ಒಂದು ಪಾಲು ನಿಮ್ಮ ತಲೆಯೊಳಗೆ ಇಲ್ಲ ಎಂಬುದನ್ನೂ ಹೇಳಬೇಕು. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಕಲಿಸುವ ಟೀಚರಿಗೆ ಮಲಯಾಳದಲ್ಲಿ ವರದಿ ಕೊಡಬೇಕಾಗುವುದು ನಿಜವಾದ ಹೊರೆ. ಮಕ್ಕಳ ಸಂಖ್ಯೆ ಕಮ್ಮಿಯಾಗಿ ಹುದ್ದೆ ಹೋಗಬಹುದು ಎಂಬುದು ಕೂಡ ಕಲ್ಪನೆ ಅಲ್ಲ. ಸುತ್ತೋಲೆ, ತರಬೇತಿ ಕನ್ನಡದಲ್ಲಿ ಬೇಕು ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಚಿಕಿತ್ಸೆಯನ್ನು ಮಾತ್ರ ಅದಕ್ಕಾಗಿ ಮುಂದೂಡಬೇಡಿ.

ರಾತ್ರಿಯ ಯೋಚನೆಗೆ ಒಂದು ಹಳೆಯ, ಕೆಲಸ ಮಾಡುವ ಉಪಾಯ ಇದೆ. ಸಂಜೆ ಅರ್ಧ ಗಂಟೆ, ದಿನಾ ಒಂದೇ ಹೊತ್ತಿಗೆ, ಒಂದೇ ಕುರ್ಚಿಯಲ್ಲಿ ಕೂತು ಬೇಕೆಂದೇ ಮಂಡೆಬಿಸಿ ಮಾಡಿ, ಬರೆಯಿರಿ. ಬೇರೆ ಹೊತ್ತಿನಲ್ಲಿ ಬಂದದ್ದನ್ನು ಅದಕ್ಕೆ ಮುಂದೂಡಿ. ಹಾಸಿಗೆಯಲ್ಲಿ ಬೇಡ. ನಿದ್ದೆ ಇಲ್ಲಿ ಸಣ್ಣ ವಿಷಯವಲ್ಲ. ಸುಮಾರು 35 ಗಂಟೆ ನಿದ್ದೆಗೆಟ್ಟವರಲ್ಲಿ ಕೆಟ್ಟ ಚಿತ್ರಗಳಿಗೆ ಅಮಿಗ್ಡಲಾ ಪ್ರತಿಕ್ರಿಯೆ 60 ಶೇಕಡಾ ಹೆಚ್ಚಿತ್ತು, ಹಣೆಯ ಒಳಭಾಗದ ಜೊತೆ ಅದರ ತಾಳಮೇಳ ಕುಸಿದಿತ್ತು ಎಂದು 2007ರ ಅಮೆರಿಕದ ಅಧ್ಯಯನ ಹೇಳುತ್ತದೆ. ಸಂಜೆ ಚಹಾ, ಕಾಫಿ ಬಿಡಿ.

ಮಾತ್ರೆ ನಿಲ್ಲಿಸಬೇಡಿ. ಮೊದಲ ಒಂದೆರಡು ವಾರ ಚಡಪಡಿಕೆ, ವಾಕರಿಕೆ, ಸ್ವಲ್ಪ ಆತಂಕ ಹೆಚ್ಚುವುದು ಈ ಗುಂಪಿನ ಔಷಧಿಗಳಲ್ಲಿ ಸಾಮಾನ್ಯ. ತೀರಾ ಸಹಿಸಲಾರದಷ್ಟು ಇದ್ದರೆ ಡಾಕ್ಟರಿಗೆ ಹೇಳಿ, ಪ್ರಮಾಣ ಕಮ್ಮಿ ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಒಳ್ಳೆಯ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಪೂರ್ತಿ ಹುಷಾರಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಡಾಕ್ಟರ ಸಲಹೆಯಂತೆ ಇಳಿಸುತ್ತಾ ಬಿಡಬೇಕು. ಕ್ಲೊನಾಜೆಪಾಮ್, ಆಲ್ಪ್ರಾಜೊಲಾಮ್ ತರದ ಮಾತ್ರೆಗಳು ಅರ್ಧ ಗಂಟೆಯಲ್ಲಿ ತಣ್ಣಗಾಗಿಸುತ್ತವೆ ಎಂದು ಯಾರಾದರೂ ಕೊಟ್ಟರೆ ನಿಮ್ಮಷ್ಟಕ್ಕೆ ತಗೊಳ್ಳಬೇಡಿ. ಅಭ್ಯಾಸ ಹಿಡಿಯುತ್ತದೆ. ಮೀಟಿಂಗಿಗೆ ಮೊದಲು ನುಂಗಿದರೆ, ಮೇಲೆ ಹೇಳಿದ ಕಲಿಕೆಗೂ ಅಡ್ಡ ಬರುತ್ತದೆ. ಮನೆಯಲ್ಲಿ ಹಿರಿಯರು ದೈವ ಭೂತದ ಉಪದ್ರ ಇರಬಹುದು, ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ ಎಂದರೆ ಜಗಳ ಬೇಡ. ಅದರಿಂದ ಅವರಿಗೆ ಸಮಾಧಾನ ಆಗುವುದಾದರೆ ಆಗಲಿ, ಮಾತ್ರೆ ಮತ್ತು ಅಭ್ಯಾಸ ಮಾತ್ರ ತಪ್ಪಬಾರದು.

ಇನ್ನು ಮಗಳು. ಆತಂಕದ ಕಾಯಿಲೆಗಳಲ್ಲಿ ವಂಶದಿಂದ ಬರುವ ಪಾಲು ಅವಳಿಗಳ ಅಧ್ಯಯನಗಳ ಪ್ರಕಾರ ಮೂರನೇ ಒಂದರಷ್ಟು. ಉಳಿದ ದೊಡ್ಡ ಪಾಲು ಬದುಕಿನ ಅನುಭವದ್ದು. ಅವಳ ವಯಸ್ಸಿನಲ್ಲಿ ಅಮಿಗ್ಡಲಾ ಮತ್ತು ಹಣೆಯ ಒಳಭಾಗದ ಜೋಡಣೆ ಇನ್ನೂ ಬೆಳೆಯುತ್ತಲೇ ಇದೆ. ಚಿಕ್ಕ ಮಕ್ಕಳಲ್ಲಿ ಅದರ ರೀತಿಯೇ ಬೇರೆ, ಸುಮಾರು ಹತ್ತನೇ ವಯಸ್ಸಿನ ನಂತರ ದೊಡ್ಡವರ ರೀತಿಗೆ ತಿರುಗುತ್ತದೆ ಎಂದು ಡಿಲನ್ ಜೀ ಮತ್ತು ನಿಮ್ ಟೋಟನ್‌ಹ್ಯಾಮ್ 2013ರಲ್ಲಿ ಕಂಡರು. ಮಾರನೇ ವರ್ಷದ ಅವರ ಇನ್ನೊಂದು ಅಧ್ಯಯನದಲ್ಲಿ, ಅಮ್ಮನ ಇರವು ಚಿಕ್ಕ ಮಕ್ಕಳ ಅಮಿಗ್ಡಲಾವನ್ನು ತಣಿಸಿತು, ಹದಿಹರೆಯದವರಲ್ಲಿ ಆ ಪರಿಣಾಮ ಕಾಣಲಿಲ್ಲ. ನಿಮ್ಮ ಮಗಳು ಈಗ ಹದಿಹರೆಯಕ್ಕೆ ಕಾಲಿಟ್ಟಿದ್ದಾಳೆ. ಜೊತೆಗೆ ಕೂತು ಸಮಾಧಾನ ಮಾಡಿದರೆ ಮಾತ್ರ ಸಾಲದು, ಅವಳೇ ಎದುರಿಸಲು ಬಿಡಬೇಕು.

ಪರೀಕ್ಷೆಯ ಬೆಳಗ್ಗೆ ಹೊಟ್ಟೆನೋವು ಎಂದರೆ ರಜೆ ಹಾಕಿಸಬೇಡಿ. 'ಏನೂ ಆಗಲ್ಲ, ಸುಮ್ನೆ ಹೋಗು' ಎಂದೂ ಗದರಬೇಡಿ. 'ಹೆದರಿಕೆ ಆಗ್ತಾ ಇದೆ ಅಲ್ವಾ, ನನಗೆ ಗೊತ್ತು. ಆದರೂ ನೀನು ಬರೆದು ಬರ್ತೀಯ' ಎನ್ನಿ, ಕಳಿಸಿಕೊಡಿ. ಎಲಿ ಲೆಬೊವಿಟ್ಜ್ ಅವರ ತಂಡ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ನೇರ ಚಿಕಿತ್ಸೆ ಕೊಡಲೇ ಇಲ್ಲ. ಮಗುವಿನ ಹೆದರಿಕೆಗೆ ಮಣಿದು ದಾರಿ ಬಿಟ್ಟುಕೊಡುವುದನ್ನು ಕಮ್ಮಿ ಮಾಡಲು ಅಪ್ಪ ಅಮ್ಮಂದಿರಿಗೆ ಕಲಿಸಿದರು. ಮಕ್ಕಳಿಗೇ ಚಿಕಿತ್ಸೆ ಕೊಟ್ಟಷ್ಟೇ ಫಲ ಸಿಕ್ಕಿತು. ಇಷ್ಟು ಮಾಡಿದ ಮೇಲೂ ಅವಳು ಶಾಲೆ ತಪ್ಪಿಸುವುದು ಜಾಸ್ತಿಯಾದರೆ, ತಿಂಡಿ ಬಿಟ್ಟರೆ, ನಿದ್ದೆಗೆಟ್ಟರೆ, ನಿಮ್ಮ ಮುಂದಿನ ಸಲದ ಭೇಟಿಗೆ ಅವಳನ್ನೂ ಕರೆದುಕೊಂಡು ಹೋಗಿ.